ತಾರಸಿಯ ಹೆಪ್ಪು

ಇವತ್ತು ಗಂಡಿನ ಕಡೆಯವರೆದುರು ಕಾಫಿ ತಟ್ಟೆ ಹಿಡಿದು ನಡೆಯಲು ನನಗೆ ಭಯವಿರಲಿಲ್ಲ. ಅವರು ಹೆಪ್ಪು ಕೇಳಿಬಿಟ್ಟರೆ ಏನು ಮಾಡಲಿ ಎಂಬುದೇ ಭಯ.

ಬಯಲಿನ ಮಣ್ಣೆಲ್ಲ ಸತ್ತ ಮೇಲೆ ಎಲ್ಲರೂ ತಾರಸಿಯಲ್ಲಿ ಹುಲ್ಲುಗಾವಲು ಸಾಕುತ್ತಾರೆ. ಸೊಸೆಯಾಗುವವಳು ತವರಿನ ಒಂದು ಬೊಗಸೆ ಜೀವಂತ ಮಣ್ಣನ್ನು ಅತ್ತೆಮನೆಯ ಮಣ್ಣಿಗೆ ಹೆಪ್ಪು ಹಾಕಿ ಅದಕ್ಕೆ ಜೀವ ತುಂಬಬೇಕು. ನಮ್ಮ ತಾರಸಿಯಲ್ಲಿ ತುಂಬೆ, ಕಾಡುಹುರುಳಿ, ಮುಟ್ಟಿದರೆ ಮುನಿ ಎಲ್ಲ ಹುಲ್ಲಿನ ನಡುವೆ ಕಲೆತು ಬೆಳೆದಿದ್ದವು. "ಬಂದವರಿಗೆ ಕಾಡು ತೋರಿಸ್ತೀಯೇನೇ?" ಎಂದು ಅಮ್ಮ ಹೋದ ಬೇಸಿಗೆಯಲ್ಲಿ ಗರಿಕೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತೆಸೆದಳು. ಬಗೆಬಗೆಯ ಬೇರುಗಳು ಹೋದ ಮೇಲೆ, ಹೊರಗೆ ಹಸಿರು ಕಂಡರೂ ಮಣ್ಣಿಗೆ ಜೀವದ ವಾಸನೆಯೇ ಇಲ್ಲ. ಎಷ್ಟು ಸಲ ಜಗಳವಾಡಿದೆನೋ, ಎಲ್ಲ ಮನಸ್ಸಿನಲ್ಲೇ.

"ಎಷ್ಟು ನೀಟಾಗಿದೆ, ಬಾಚಿದ ತಲೆ ಹಂಗೆ" ಎಂದರು ಕಾಫಿ ಮುಗಿಸಿ ತಾರಸಿಗೆ ಬಂದ ಹುಡುಗನ ತಾಯಿ.

"ಎಲ್ಲಾ ನಮ್ಮ ಮೃದುಲಂದೇ ಕೆಲಸ" ಎಂದಳು ಅಮ್ಮ. ನಾನು ಹಲ್ಲು ಕಚ್ಚಿಕೊಂಡೆ.

"ನಮ್ಮನೇದು ಒಣಗ್ತಾ ಇದೆ ಕಣಮ್ಮ. ಮದುವೇವರೆಗೂ ತಡೆಯಲ್ಲ, ಇವತ್ತೇ ಹೆಪ್ಪು ಕೊಡು" ಎಂದು ಅವರು ಸೆರಗೊಡ್ಡಿದರು.

ಬಗ್ಗಿ ಬೊಗಸೆ ತುಂಬಿಕೊಂಡೆ. ಮಣ್ಣು ಬೂದಿಯಂತೆ ಬೆರಳ ಸಂದಿನಿಂದ ಸೋರಿತು. ಇದು ಬಿದ್ದರೆ ಅವರ ಉಳಿದ ಹುಲ್ಲೂ ಹೋಗುತ್ತದೆ. ಅಮ್ಮ ಕಣ್ಣಲ್ಲೇ 'ಹಾಕು' ಎಂದಳು.

"ಬೇಡಿ ಆಂಟಿ" ಎಂದೆ. "ಈ ಮಣ್ಣು ಸತ್ತಿದೆ."