ಬಾಗಳಿಗೆ ಒಯ್ದ ಬುತ್ತಿ

ಬಿಸಿ ಹಂಚಿನ ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಯುವ ವಾಸನೆ ಬಂದರೆ ಈಗಲೂ ನನಗೆ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ತಂಗಿ, ನಮ್ಮ ಅತ್ತೆ, ಗಂಡ ತೀರಿಕೊಂಡ ಮೇಲೆ ಹರಪನಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಹೊಸ್ತಿಲು ದಾಟುತ್ತಿರಲಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಅಂದು ಬೆಳಿಗ್ಗೆ ಅಜ್ಜಿ ಅವಳ ಮುಂದೆ ಸಜ್ಜೆ ಹಿಟ್ಟು ತಂದಿಟ್ಟು, "ಹುಡುಗ್ರು ಬಾಗಳಿಗೆ ಹೊಂಟಾವು. ರೊಟ್ಟಿ ಬಡಿ, ನೀನೂ ನಡಿ" ಎಂದಳು. ಅತ್ತೆ ಒಲೆಯ ಮುಂದೆ ಕೂತಳು.

ಬಾಗಳಿಯ ಗುಡಿಯ ಹೊರಗೆ ಬೇವಿನ ನೆರಳಲ್ಲಿ ಅಪ್ಪ, ಅಜ್ಜಿ, ಅತ್ತೆ, ನಾವು ಹುಡುಗರು ಕೂತು ಬುತ್ತಿ ಬಿಚ್ಚುವಾಗ ನಮ್ಮ ಓಣಿಯ ಹಿರಿಯ ಹೆಂಗಸೊಬ್ಬರು ಎದುರಾದರು. ಅತ್ತೆಯನ್ನು ನೋಡಿ, "ಅಲ್ರೀ, ಇನ್ನೂ ವರ್ಷ ತುಂಬಿಲ್ಲ. ಈಕಿನ್ನ ಹೊರಗ ಕರಕೊಂಡು ಬಂದೀರಲ್ಲ" ಎಂದರು.

ಅತ್ತೆ ಸೆರಗು ಎಳೆದುಕೊಂಡು ಏಳಲು ಹೋದಳು. ಅಜ್ಜಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ಕೂರಿಸಿದಳು.

"ನನ್ನ ಮಗಳು, ನನ್ನ ಜೋಡಿ ಬಂದಾಳ. ರೊಟ್ಟಿ ಆಕೀನ ಮಾಡ್ಯಾಳ. ಕುಂದರ್ರಿ, ಉಣ್ರಿ" ಎಂದು, ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ಅವರ ಕೈಗೆ ಕೊಟ್ಟಳು.

ಆ ಹೆಂಗಸು ರೊಟ್ಟಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಚಪ್ಪಲಿ ಬಿಟ್ಟು ಕೂತರು. ಮೊದಲ ತುತ್ತು ನುಂಗಿ, "ರೊಟ್ಟಿ ಮೆತ್ತಗ ಅದಾವ" ಎಂದರು.

ಅತ್ತೆ ಕಣ್ಣೊರೆಸಿಕೊಂಡು, ಗಡಿಗೆ ಎತ್ತಿ, "ಮೊಸರು ಹಾಕ್ಲೇನ್ರಿ?" ಎಂದು ತಾನಾಗಿಯೇ ಕೇಳಿದಳು.

ಅಪ್ಪ ನೀರು ತರುತ್ತೇನೆಂದು ಎದ್ದು ಹೋದ. ತಂಬಿಗೆ ನಮ್ಮ ಮುಂದೆ ತುಂಬಿಯೇ ಇತ್ತು.