ಗೋಣಿಪರದೆಯ ಪೇಟೆಂಟ್

ಪೇಟೆಂಟ್ ಪಡೆದ ಯಂತ್ರ ಚಾಲೂ ಆದ ಕೂಡಲೇ ತನ್ನನ್ನು ಕಂಡುಹಿಡಿದವರ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಕಾಯಿದೆಯೇ ಹಾಗಿತ್ತು. ಬ್ಯಾಡಗಿಯ ಫಕೀರವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಯಂತ್ರದ ಗುಂಡಿ ಒತ್ತಿದಾಗಲೆಲ್ಲ ಅದು "ದ್ಯಾಮವ್ವ!" ಎನ್ನುತ್ತಿತ್ತು. ದ್ಯಾಮವ್ವ ಅವಳ ಕಿರಿಯ ವಾರಗಿತ್ತಿ. ಮೊನ್ನೆ ಮೊನ್ನೆಯವರೆಗೆ ಇಬ್ಬರೂ ಒಂದೇ ರಾಶಿಯ ಮುಂದೆ ಕುಳಿತು ಕೈಯಿಂದಲೇ ತೊಟ್ಟು ಮುರಿಯುತ್ತಿದ್ದರು.

ಹೊಟ್ಟೆಯುರಿ ತಾಳದೆ ಫಕೀರವ್ವ ಯಂತ್ರದ ಬಾಯಿಗೆ ಗೋಣಿಯ ಪರದೆ ಹೊಲಿದು ಕಟ್ಟಿದಳು. ಹೆಸರು ಅಡಗಿತು. ಜೊತೆಗೆ ಖಾರದ ಘಾಟೂ ಅಡಗಿ, ಕೆಲಸದವರ ಸೀನು ನಿಂತಿತು. ಓಣಿಯವರೆಲ್ಲ ಅಂಥದ್ದೇ ಪರದೆ ಕೇಳಿದರು. ಪೇಟೆಂಟ್ ಕಚೇರಿಯವನೊಬ್ಬ ಬಂದು ಪರದೆಗೆ ಅವಳ ಹೆಸರಿನ ಬಿಲ್ಲೆ ಸಿಕ್ಕಿಸಿದ.

"ಪರದೆ ಕಟ್ಟಿದಾಗ ದ್ಯಾಮವ್ವನ ಜೋಡಿ ನಿಮ್ಮ ಹೆಸರೂ ಕೂಗತೈತ್ರಿ," ಎಂದ.

ಫಕೀರವ್ವ ಓಣಿಯ ಹೆಂಗಸರನ್ನೆಲ್ಲ ಕರೆದು, ಸೆರಗು ಸರಿಮಾಡಿಕೊಂಡು ಗುಂಡಿ ಒತ್ತಿದಳು. ಪರದೆಯೊಳಗೆ ಏನೋ ಗುಜುಗುಜು ಎಂದಿತು.

"ಯಕ್ಕಾ, ನಿನ್ನ ಹೆಸರ ಕೇಳವಲ್ದು," ಎಂದಳು ದ್ಯಾಮವ್ವ. "ಪರದೆ ತಗದು ಹಚ್ಚು."

ಫಕೀರವ್ವ ಪರದೆ ಕಿತ್ತೆಸೆದು ಮತ್ತೆ ಒತ್ತಿದಳು.

"ದ್ಯಾಮವ್ವ!" ಎಂದು ಯಂತ್ರ ಓಣಿಗೆಲ್ಲ ಕೇಳುವಂತೆ ಕೂಗಿತು.