ಮನೆ ಊಟದ ಲೆಕ್ಕ

ಗುಮಾಸ್ತ ಹಿಂದೆ ಮುಂದೆ ನೋಡಿ ಹೋಟೆಲಿನೊಳಗೆ ನುಸುಳಿದ. ಊಟದ ಡಬ್ಬಿಯನ್ನು ಬ್ಯಾಗಿನಿಂದ ತೆಗೆದು ಮೇಜಿನ ಕೆಳಗಿನಿಂದ ಮಾಲೀಕನಿಗೆ ದಾಟಿಸಿದ. ಮಾಲೀಕ ಅಷ್ಟೇ ಗುಟ್ಟಾಗಿ ಒಂದು ಊಟದ ಟೋಕನ್ ಕೊಟ್ಟ. ತನ್ನ ಹೋಟೆಲಿನ ಊಟವನ್ನು ತಾನೇ ತಿನ್ನುವುದಿಲ್ಲವೆಂದು ಗಿರಾಕಿಗಳಿಗೆ ತಿಳಿಯಬಾರದಲ್ಲ.

ಈ ಕಳ್ಳ ವ್ಯಾಪಾರ ಹೆಂಡತಿಗೆ ಗೊತ್ತಾದರೆ ಗುಮಾಸ್ತನ ಮಾನ ಮೂರು ಕಾಸಿಗೆ ಹರಾಜು. ತಿಂಗಳ ಹಿಂದೆ ಹೋಟೆಲ್ ಊಟ, ಮನೆ ಊಟ ಎರಡರ ಖರ್ಚನ್ನೂ ಪಕ್ಕಪಕ್ಕ ಬರೆದು, ಮನೆಯಲ್ಲಿ ಬೇಯಿಸಿದರೆ ಅರ್ಧಕ್ಕರ್ಧ ಉಳಿತಾಯವೆಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದವನು ಅವನೇ.

"ನಾನೂ ಹೊಲಿಗೆ ಅಂಗಡಿಗೆ ಹೋಗ್ಬೇಕು. ಐದು ಗಂಟೆಗೆದ್ದು ಬೇಯಿಸೋ ಕೂಲೀನ ಇದ್ರಲ್ಲಿ ಎಲ್ಲಿ ಬರ್ದಿದೀರಿ?" ಎಂದು ಹೆಂಡತಿ ಕೇಳಿದ್ದಳು.

"ಮನೇಲಿ ಮಾಡೋ ಕೆಲ್ಸಕ್ಕೆ ಎಂಥ ಕೂಲಿ?" ಎಂದಿದ್ದ ಪುಣ್ಯಾತ್ಮ.

ಎರಡು ದಿನ ಅವಳು ಸಿಟ್ಟಿನಲ್ಲಿ ಉಪ್ಪು ಸುರಿದು ಡಬ್ಬಿ ಕಟ್ಟಿದಳು. ಅದನ್ನು ಬಾಯಿಗಿಡಲಾಗದ ಗುಮಾಸ್ತ ಮೂರನೆಯ ದಿನ ಡಬ್ಬಿಯ ಮುಚ್ಚಳವನ್ನೂ ತೆರೆಯದೆ ಇಲ್ಲಿ ಬದಲಿಸಿಕೊಂಡ. ಮಾಲೀಕ ಬಾಯ್ತುಂಬ ಹೊಗಳಿದಾಗ ಅವನಿಗೇ ಆಶ್ಚರ್ಯ. ಅವಳ ಕೈ ಪಳಗಿರಬೇಕು ಎಂದುಕೊಂಡ. ಹೆಂಡತಿಯ ತಕರಾರೂ ಅಂದಿಗೇ ನಿಂತಿತ್ತು. ಈಗ ಬೆಳಗ್ಗೆ ಗೆಲುವಾಗಿ ವಾಕಿಂಗ್ ಕೂಡ ಹೋಗಿ ಬರುತ್ತಿದ್ದಳು.

ಇಂದು ಊಟ ಮುಗಿಸಿ ಗುಮಾಸ್ತ ಒಳಕೋಣೆಗೆ ಹೋದಾಗ ಮಾಲೀಕ ಬೆರಳು ನೆಕ್ಕುತ್ತಿದ್ದ. ಎದುರಿಗೆ ಅಡುಗೆಯವನು ನಿಂತಿದ್ದ. ಹನ್ನೆರಡು ವರ್ಷ ಈ ಹೋಟೆಲಿನ ಒಲೆಯ ಮುಂದೆ ಬೆಂದ ಮನುಷ್ಯ.

"ಇವ್ರ ಮನೆಯೋರ ಕಾಲಿನ ಧೂಳಿಗೂ ನೀನು ಸಮ ಅಲ್ಲ ಕಣಯ್ಯ. ಅವರನ್ನೇ ಅಡುಗೆಗೆ ಕರ್ಕೊಳ್ತೀನಿ. ನಾಳೆಯಿಂದ ನೀನು ಬರ್ಬೇಡ," ಎಂದ ಮಾಲೀಕ.

ಅಡುಗೆಯವನ ಮುಖ ಬಿಳಿಚಿಕೊಂಡಿತು. ಮನೆಯಲ್ಲಿ ಮೂರು ಮಕ್ಕಳು, ಕೈಯಲ್ಲಿ ಬೇರೆ ಕಸುಬಿಲ್ಲ. ಗುಮಾಸ್ತನಿಗೆ ಅಯ್ಯೋ ಪಾಪ ಅನ್ನಿಸಿತು. ಆದರೂ ಎದೆ ಉಬ್ಬಿತು. ಮನೆ ಅಡುಗೆ ಖರ್ಚು ಉಳಿಸುವುದಷ್ಟೇ ಅಲ್ಲ, ಇನ್ನು ಸಂಬಳವನ್ನೂ ತರುತ್ತದೆ.

"ತಿಂದಾದ್ರೂ ನೋಡು," ಎಂದು ಮಾಲೀಕ ಡಬ್ಬಿಯನ್ನು ಮುಂದೆ ತಳ್ಳಿದ.

ಅಡುಗೆಯವನು ಒಂದು ತುತ್ತು ತಿಂದ. ಇನ್ನೊಂದು ತುತ್ತು ತಿಂದ. ಡಬ್ಬಿಯನ್ನು ತಿರುಗಿಸಿ ನೋಡಿದ. ಆಮೇಲೆ ಗುಮಾಸ್ತನನ್ನು ನೋಡಿದ. ಮುಖಕ್ಕೆ ನಿಧಾನವಾಗಿ ಕಳೆ ಬಂತು.

"ಹಾಗಾದ್ರೆ ಸಾರ್, ಅಮ್ಮಾವ್ರಿಗೆ ಒಂದು ಮಾತು ಹೇಳ್ಬಿಡಿ. ನಾಳೆ ಬೆಳಗ್ಗೆ ಹಿಂಬಾಗಿಲಿಗೆ ಬಂದ್ರೆ, ಡಬ್ಬಿ ತುಂಬಿಸಿ ಕೊಡೋಕೆ ನಾನಿರಲ್ಲ."